ಒತೀಲಿಯಾಳ ಮರದ ಎತ್ತುಗಳು

ದೇಶದ ದಕ್ಷಿಣದ ಲೆಮುಯ್ ದ್ವೀಪದ ಶಾಲೆಯಲ್ಲಿ ಮರಗೆಲಸ ಮತ್ತು ಯಂತ್ರಗಳ ಪಾಠ ಹೇಳುವ ಒತೀಲಿಯಾ ಚಿಗುವಾಯ್‌ಳನ್ನು ಮಕ್ಕಳು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಮಕ್ಕಳಿಗೆ ಚಿಕ್ಕಮ್ಮಂದಿರೇ. ಆದರೆ ಒತೀಲಿಯಾಗೆ ಮಾತ್ರ ಆ ಕರೆ ಕಿವಿಗೆ ಬಿದ್ದಾಗಲೆಲ್ಲ ಒಳಗೆ ಎಲ್ಲೋ ಸಣ್ಣಗೆ ಚುಚ್ಚುತ್ತಿತ್ತು. ಚಿಕ್ಕಮ್ಮ ಇದ್ದ ಮೇಲೆ ದೊಡ್ಡಮ್ಮ ಎಂಬುವಳೊಬ್ಬಳು ಇರಬೇಕಲ್ಲ. ಇದ್ದಳು. ಅವಳ ಅಕ್ಕ ನೋಲ್ಫಾ ದೇಶದ ಆ ತುದಿಯಲ್ಲಿ, ಉತ್ತರದ ಮರುಭೂಮಿಯ ಕಲಾಮಾ ಊರಿನಲ್ಲಿ, ಗಣಿ ಕೆಲಸಗಾರರ ಬಟ್ಟೆ ಒಗೆಯುತ್ತಿದ್ದಳು. ಊರಿಗೆ ಬರುವುದನ್ನು ಬಿಟ್ಟು ಏಳು ವರ್ಷವಾಗಿತ್ತು.

ಅದಕ್ಕೂ ಮುಂಚೆ ಪ್ರತಿ ಫೆಬ್ರವರಿಗೂ ಬರುತ್ತಿದ್ದಳು. ಆ ತಿಂಗಳು ದ್ವೀಪದಲ್ಲಿ ಸೇಬು ಕೆಂಪಾಗುವ ಕಾಲ. ಅಕ್ಕ ತಂಗಿ ಇಬ್ಬರೂ ಸಮುದ್ರದ ನೀರು ಇಳಿದ ಹೊತ್ತಿಗೆ ದಡಕ್ಕೆ ಹೋಗಿ ಕಪ್ಪೆಚಿಪ್ಪು ಆರಿಸುತ್ತಿದ್ದರು, ಒಳಗಿನ ಮಾಂಸವನ್ನು ಒಲೆಯ ಹೊಗೆಯಲ್ಲಿ ಒಣಗಿಸಿ ಹಾರದ ಹಾಗೆ ಪೋಣಿಸುತ್ತಿದ್ದರು. ಸಂಜೆಯಾದರೆ ನೋಲ್ಫಾ ತನ್ನ ಕೋಣೆಯ ಕಿಟಕಿಯ ಬಳಿ ಕುಳಿತುಬಿಡುವಳು. ಹಳದಿ ಬಣ್ಣ ಬಳಿದ ಚೌಕಟ್ಟಿನ ಕಿಟಕಿ ಅದು, ನೇರ ಸಮುದ್ರಕ್ಕೆ ತೆರೆದಿತ್ತು. ಅಪ್ಪ ಬೆಲಾರ್ಮಿನೊ ದೋಣಿ ಕಟ್ಟುವವನು. ಕಟ್ಟಿದ ದೋಣಿಯನ್ನು ದೂರದ ದ್ವೀಪಗಳಿಗೆ ಮುಟ್ಟಿಸಿ ಬರಲು ಹೋದರೆ ವಾರಗಟ್ಟಲೆ ಪತ್ತೆಯಿರುತ್ತಿರಲಿಲ್ಲ. ಚಿಕ್ಕವಳಿದ್ದಾಗ ನೋಲ್ಫಾ ಆ ಕಿಟಕಿಯಿಂದಲೇ ಅವನ ದಾರಿ ಕಾಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೂ ಕೂರುವ ಅಭ್ಯಾಸ ಹೋಗಲಿಲ್ಲ.

ಸಮುದ್ರ ಸುಮ್ಮನಿರಲಿಲ್ಲ. ಚಳಿಗಾಲಕ್ಕೆ ಒಂದಷ್ಟು ದಡ ತಿನ್ನುತ್ತ ಬಂದು, ಕಡೆಗೆ ಅಲೆ ಮನೆಯ ಅಡಿಗಂಬಗಳಿಗೆ ಬಡಿಯತೊಡಗಿತು. ಅಂಥ ಹೊತ್ತಿನಲ್ಲಿ ಆ ದ್ವೀಪದ ಜನ ಮನೆ ಕೆಡವುವುದಿಲ್ಲ. ಮರದ ಮನೆಯನ್ನು ಇದ್ದ ಹಾಗೇ ಎತ್ತಿ ದಿಮ್ಮಿಗಳ ಮೇಲೆ ಕೂರಿಸಿ, ಎತ್ತುಗಳನ್ನು ಕಟ್ಟಿ, ಊರಿಗೆ ಊರೇ ಸೇರಿ ಬೇರೆ ಜಾಗಕ್ಕೆ ಎಳೆದುಕೊಂಡು ಹೋಗುತ್ತಾರೆ. ಮಿಂಗ ಅನ್ನುತ್ತಾರೆ ಅದಕ್ಕೆ. ಕೂಲಿ ಇಲ್ಲ, ಊಟ ಉಂಟು. ಆದರೆ ಮನೆಯವರು ಒಬ್ಬೊಬ್ಬರ ಬಾಗಿಲಿಗೂ ಖುದ್ದಾಗಿ ಹೋಗಿ, ಟೋಪಿ ತೆಗೆದು, "ಬೇಡಿಕೊಳ್ಳೋಕೆ ಬಂದಿದ್ದೀನಿ" ಎನ್ನಬೇಕು. ಹೇಳಿಕಳಿಸುವಂತಿಲ್ಲ. ಒಂದು ಸಲ ಹೋದರೆ ಒಂದೇ ಬೇಡಿಕೆ. ಇನ್ನೊಂದು ಬೇಕಿದ್ದರೆ ಇನ್ನೊಂದು ಸಲ ಹೋಗಬೇಕು. ಬೇಡಿಸಿಕೊಂಡವರೂ "ಬರ್ತೀನಿ" ಅನ್ನುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರು ಎಷ್ಟು ಹೊತ್ತಿಗೆ ಇಳಿಯುತ್ತೆ?" ಎಂದು ಕೇಳುತ್ತಾರೆ. ಮನೆ ದಡದ ಮೇಲೆ ಹಾದುಹೋಗಬೇಕಾದ್ದು ಇಳಿತದಲ್ಲಿ ತಾನೆ. ಆ ಮಾತು ಕೇಳಿದರೆಂದರೆ ಅವರ ಎತ್ತು ಬಂದಂತೆಯೇ.

ಒತೀಲಿಯಾ ಎಲ್ಲರ ಬಾಗಿಲಿಗೂ ಹೋದಳು. ಅಕ್ಕನಿಗೆ ಮಾತ್ರ ಫೋನು ಮಾಡಿದಳು.

"ಊರಲ್ಲಿ ಮನೆ ಮನೆಗೆ ಹೋಗಿ ಬೇಡಿಕೊಂಡ್ಯಲ್ಲ, ನನ್ನ ಮನೆಗೆ ಯಾಕೆ ಬರಲಿಲ್ಲ?" ಎಂದಳು ನೋಲ್ಫಾ.

"ಬಸ್ಸಲ್ಲಿ ಎರಡು ದಿನದ ದಾರಿ ಅಕ್ಕಾ. ಸಮುದ್ರ ಕಾಯುತ್ತಾ?"

"ಹುಟ್ಟಿದ ಮನೆ ಅದು. ನನ್ನದೂ ಹೌದು ಅನ್ನೋದು ನಿನಗೆ ಎರಡು ದಿನದಷ್ಟು ದೂರ ಇದೆ ಅನ್ನು."

ಅಷ್ಟೇ. ಆಮೇಲೆ ಹಬ್ಬಕ್ಕೊಮ್ಮೆ ಒತೀಲಿಯಾ ಫೋನು ಮಾಡುವಳು, ನೋಲ್ಫಾ "ಚೆನ್ನಾಗಿದ್ದೀನಿ" ಎಂದು ಇಟ್ಟುಬಿಡುವಳು.

ನೋಲ್ಫಾಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಮನೆ ಗುಡ್ಡ ಹತ್ತಿ ಹೊಸ ಜಾಗಕ್ಕೆ ಬಂದು ನಿಂತ ದಿನ, ಎತ್ತುಗಳನ್ನು ನಡೆಸುತ್ತಿದ್ದ ಮುದುಕ ಅರ್ಸೇನಿಯೊ, "ಸಾಕು, ಬಾಗಿಲು ರಸ್ತೆ ಕಡೆಗೇ ಇದೆ, ಎತ್ತು ಬಿಚ್ಚಿ" ಎಂದಿದ್ದ. ಒತೀಲಿಯಾ ಎತ್ತುಗಳ ಮುಂದೆ ಹೋಗಿ ನಿಂತು, "ಅರ್ಧ ಸುತ್ತು ತಿರುಗಿಸಬೇಕು" ಎಂದಳು. ಬೆಳಗಿನಿಂದ ಎಳೆದು ಸುಸ್ತಾದ ಜನ ಗೊಣಗಿದರು. ಸೇಬಿನ ಮದ್ಯ ಹುಳಿಯಾಗುತ್ತಿದೆ, ಹಂದಿಮಾಂಸ ಆರುತ್ತಿದೆ ಎಂದರು. ಆದರೂ ತಿರುಗಿಸಿದರು. ಹಳದಿ ಕಿಟಕಿ ಮತ್ತೆ ಸಮುದ್ರ ನೋಡಿತು. ಬಾಗಿಲು ರಸ್ತೆಗೆ ಬೆನ್ನು ಹಾಕಿತು. ಅಂದಿನಿಂದ ಅಂಚೆಯವನು ಮನೆ ಸುತ್ತಿ ಬರುತ್ತ ಬೈಯದ ದಿನವಿಲ್ಲ. ಫೋನಿನಲ್ಲಿ ಇದನ್ನು ಹೇಳಲು ಒತೀಲಿಯಾಗೆ ಬಾಯಿ ಬರಲಿಲ್ಲ. ಹೇಳಿದರೆ ಏನೋ ಕೊಟ್ಟು ರಾಜಿಯಾಗಲು ಹೊರಟಂತೆ ಕಾಣುತ್ತದೆ ಅನಿಸಿತು. ಬಂದರೆ ತಾನೇ ನೋಡುತ್ತಾಳೆ ಎಂದುಕೊಂಡಳು. ಬರಲಿಲ್ಲ.

ಹೀಗಿರುವಾಗ ಶಾಲೆಗಳ ರೋಬೋಟ್ ಸ್ಪರ್ಧೆಯ ಸುದ್ದಿ ಬಂತು. ತಮ್ಮ ಊರಿನ ಯಾವುದಾದರೂ ಒಂದು ಕೆಲಸವನ್ನು ರೋಬೋಟ್ ತಾನಾಗಿ ಮಾಡಿ ತೋರಿಸಬೇಕು, ಶುರುವಾದ ಮೇಲೆ ಯಾರೂ ಕೈ ಹಾಕುವಂತಿಲ್ಲ. ಒತೀಲಿಯಾಳ ತಂಡದಲ್ಲಿ ಇಬ್ಬರು. ಲೆಕ್ಕಾಚಾರದ ಹುಡುಗಿ ಯಾನೀರಾ, ಉಳಿ ಹಿಡಿದರೆ ಊಟ ಮರೆಯುವ ಉಲೀಸೆಸ್.

"ಮೀನಿಗೆ ಮೇವು ಹಾಕೋ ಯಂತ್ರ ಮಾಡೋಣ," ಎಂದ ಉಲೀಸೆಸ್.

"ಸಮುದ್ರ ಇರೋ ಊರಿನವರೆಲ್ಲ ಅದನ್ನೇ ಮಾಡ್ಕೊಂಡು ಬರ್ತಾರೆ ಕಣೋ. ನಾವು ಮನೆ ಎಳೆಯೋಣ."

"ಮನೆ ಎಳೆಯೋಕೆ ಎತ್ತು ಬೇಕಲ್ಲೇ."

"ಎತ್ತನ್ನೇ ಮಾಡೋಣ. ಎರಡು."

ಎರಡು ಪುಟ್ಟ ರೋಬೋಟುಗಳು ತಯಾರಾದವು. ಎರಡರ ಹೆಗಲ ಮೇಲೂ ಒಂದೇ ನೊಗ. ಒಂದು ಮುಂದೆ ಹೋದರೆ ನೊಗ ಓರೆಯಾಗುತ್ತದೆ, ನೊಗದ ನಡುವೆ ಇಟ್ಟ ಸೆನ್ಸರ್ ಅದನ್ನು ತಿಳಿದು ಮುಂದೆ ಹೋದದ್ದನ್ನು ತಡೆಯುತ್ತದೆ. ಅವಕ್ಕೆ ಕ್ಲಾವೆಲ್, ಲುಸೇರೊ ಎಂದು ಹೆಸರಿಟ್ಟರು. ದ್ವೀಪದಲ್ಲಿ ಕೊಟ್ಟಿಗೆಗೊಂದು ಕ್ಲಾವೆಲ್, ಒಂದು ಲುಸೇರೊ ಇದ್ದೇ ಇರುತ್ತವೆ.

"ನಿನ್ನ ಲುಸೇರೊ ಶುದ್ಧ ಸೋಮಾರಿ."

"ನಿನ್ನ ಕ್ಲಾವೆಲ್‌ಗೇ ಅವಸರ. ಸಾಕಿದೋಳ ಬುದ್ಧಿ ಬಂದಿದೆ."

ಮೋಟರು, ಬ್ಯಾಟರಿ, ತಂತಿ ಬಿಟ್ಟರೆ ಉಳಿದದ್ದೆಲ್ಲ ಮರ. ಚಕ್ರ, ನೊಗ, ಮೈಕಟ್ಟು ಎಲ್ಲವೂ ದ್ವೀಪದ ಕಾಡಿನ ಗಟ್ಟಿ ಲೂಮಾ ಮರದ್ದು, ಸೇರಿಸಿದ್ದೆಲ್ಲ ಮರದ ಗೂಟದಿಂದ. ಒಂದು ತಿರುಪು ಕೂಡ ಹಾಕಲಿಲ್ಲ. ಉಪ್ಪುಗಾಳಿಗೆ ಕಬ್ಬಿಣ ತಿಂದುಹೋಗುವ ಊರಿನಲ್ಲಿ ಬೇರೆ ಥರ ಮಾಡುವುದು ಯಾರಿಗೂ ಹೊಳೆಯಲೇ ಇಲ್ಲ. ವರ್ಷವಿಡೀ ಒದ್ದೆಯಾಗಿರುವ ಗಾಳಿಯಲ್ಲಿ ಮರ ಊದಿಕೊಂಡೇ ಇರುತ್ತದೆ. ಹೊಡೆದ ಗೂಟವನ್ನು ಆಮೇಲೆ ಹೊಡೆದವನೇ ಕೀಳಲಾರ.

ಅವು ಎಳೆಯಬೇಕಾದ ಮನೆಯನ್ನು ಒತೀಲಿಯಾ ತಾನೇ ಮಾಡಿದಳು. ಮೊಣಕೈಯುದ್ದದ ಮನೆ, ಮೀನಿನ ಪೊರೆಯಂತೆ ಒಂದರ ಮೇಲೊಂದು ಕೂರಿಸಿದ ಗೋಡೆಯ ಹಲಗೆಚೂರುಗಳು, ಒಂದು ಹಳದಿ ಕಿಟಕಿ. ನೀಲಿ ಬಟ್ಟೆ ಹಾಸಿದ ಸಮುದ್ರದ ಅಂಚಿನಿಂದ ಹೊರಟು, ಇಳಿಜಾರು ಹತ್ತಿ, ಮೇಲಿನ ಚೌಕದಲ್ಲಿ ನಿಲ್ಲಬೇಕು. ನಿಂತ ಮೇಲೆ ಅರ್ಧ ಸುತ್ತು ತಿರುಗಬೇಕು.

"ತಿರುಗೋದು ಯಾಕೆ ಚಿಕ್ಕಮ್ಮ?" ಎಂದು ಯಾನೀರಾ ಕೇಳಿದ್ದಳು. "ಅದಕ್ಕೆ ಅಂಕ ಇಲ್ಲ. ಚಕ್ರಕ್ಕೆ ಸುಮ್ನೆ ಕಷ್ಟ."

"ಮನೆ ಅಂದ್ಮೇಲೆ ತಿರುಗಬೇಕು," ಎಂದು ಒತೀಲಿಯಾ ಮಾತು ಮುಗಿಸಿದ್ದಳು.

ಪ್ರಾಂತ್ಯದ ಸುತ್ತಿನಲ್ಲಿ ಗೆದ್ದರು. ಕೊನೆಯ ಸುತ್ತು ಕಲಾಮಾದಲ್ಲಿ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ಒತೀಲಿಯಾ ಕೈಯಲ್ಲಿದ್ದ ಉಜ್ಜುಗೊರಡನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಳ್ಳುವುದನ್ನು ಮರೆತು ನಿಂತಳು.

ದೋಣಿ ದಾಟಿ ಬಸ್ಸು ಹತ್ತಿದರು. ಎರಡು ದಿನದ ದಾರಿ. ಕಾಡು, ಆಮೇಲೆ ಹೊಲ, ಆಮೇಲೆ ದ್ರಾಕ್ಷಿ ತೋಟ, ಆಮೇಲೆ ಏನೂ ಇಲ್ಲ. ಬರೀ ಕಲ್ಲು, ಬೂದಿ ಬಣ್ಣದ ನೆಲ. ಒತೀಲಿಯಾಳ ಚೀಲದಲ್ಲಿ ಹೊಗೆಯಲ್ಲಿ ಒಣಗಿಸಿದ ಕಪ್ಪೆಚಿಪ್ಪಿನ ಒಂದು ಹಾರ ಇತ್ತು. ಆ ವಾಸನೆಗೆ ಮುಂದಿನ ಸೀಟಿನವನು ಮೂರು ಸಲ ಹಿಂತಿರುಗಿ ನೋಡಿದ. ಅಂದು ಅಕ್ಕನಿಗಾಗಿ ಹೊರಡದ ದಾರಿಯಲ್ಲಿ ಇಂದು ಎರಡು ಆಟದ ಎತ್ತಿಗಾಗಿ ಹೊರಟಿದ್ದೇನೆ ಎಂಬ ಯೋಚನೆ ಬಂದಾಗ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಎಲ್ಲ ಮುಗಿದ ಮೇಲೆ ಅಕ್ಕನ ಬಾಗಿಲಿಗೆ ಹೋಗುವುದು, ಊರಿಗೆ ಬಾ ಎಂದು ಬೇಡಿಕೊಳ್ಳುವುದು ಎಂದು ನಿಶ್ಚಯಿಸಿಕೊಂಡಳು. ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕಲಾಮಾದಲ್ಲಿ ಇಳಿದ ದಿನವೇ ತುಟಿ ಒಡೆಯಿತು. ಉಲೀಸೆಸ್‌ನ ಮೂಗಿನಿಂದ ರಕ್ತ ಬಂತು. ಮರುದಿನ, ಸ್ಪರ್ಧೆಯ ಹಿಂದಿನ ದಿನ, ಕ್ರೀಡಾಂಗಣದಲ್ಲಿ ಅಭ್ಯಾಸಕ್ಕೆಂದು ಪೆಟ್ಟಿಗೆ ತೆರೆದು ಕ್ಲಾವೆಲ್‌ನನ್ನು ಎತ್ತಿದರೆ ಕೆಳಗೆ ಟಪಟಪ ಏನೋ ಉದುರಿತು. ಗೂಟಗಳು. ನೆಲಕ್ಕಿಟ್ಟು ಓಡಿಸಿದರೆ ಒಂದು ಚಕ್ರ ಕಳಚಿ ತನ್ನಷ್ಟಕ್ಕೆ ಉರುಳಿಕೊಂಡು ಪಕ್ಕದ ತಂಡದ ಕಾಲ ಬಳಿ ಹೋಗಿ ಬಿತ್ತು.

"ನಿಮ್ಮ ಎತ್ತಿಗೆ ಹಲ್ಲು ಉದುರ್ತಾ ಇದೆ," ಎಂದು ಆ ತಂಡದ ಹುಡುಗನೊಬ್ಬ ಚಕ್ರ ವಾಪಸು ಕೊಟ್ಟ.

"ನಿಮ್ಮೂರ ಗಾಳಿ ಕುಡಿದ್ರೆ ನಿನಗೂ ಉದುರುತ್ತೆ ಬಿಡು," ಎಂದ ಉಲೀಸೆಸ್. ಆದರೆ ಅವನ ದನಿ ಅಳುವಿನ ಅಂಚಿನಲ್ಲಿತ್ತು.

ಒತೀಲಿಯಾ ಚಕ್ರವನ್ನು ಕೈಯಲ್ಲಿ ಹಿಡಿದು ನೋಡಿದಳು. ಮರ ಒಣಗಿ ಕುಗ್ಗಿತ್ತು. ತಪ್ಪು ಯಾರದೂ ಅಲ್ಲ, ಗಾಳಿಗೂ ಬಾಯಾರಿಕೆ ಆಗುತ್ತದೆಂದು ಅವರು ಕಂಡೇ ಇರಲಿಲ್ಲ.

"ಅಂಟು ಹಾಕೋಣ," ಎಂದಳು ಯಾನೀರಾ.

"ಅಂಟು ನಿಲ್ಲಲ್ಲ. ದಡದಲ್ಲಿ ಬಹಳ ದಿನ ಬಿದ್ದ ದೋಣಿಗೆ ಏನ್ ಮಾಡ್ತಾರೆ?"

"ನೀರಲ್ಲಿ ಮುಳುಗಿಸಿ ಇಡ್ತಾರೆ," ಎಂದ ಉಲೀಸೆಸ್. "ಹಲಗೆ ಊದಿ ಕೂಡ್ಕೊಳ್ಳುತ್ತೆ. ಆದ್ರೆ ಎಲ್ಲಿ ಮುಳುಗಿಸೋದು ಚಿಕ್ಕಮ್ಮ? ನಾವು ಇಳ್ಕೊಂಡಿರೋ ಕಡೆ ನಲ್ಲಿ ಬರೋದೇ ಬೆಳಿಗ್ಗೆ ಒಂದಿಷ್ಟು ಹೊತ್ತು. ಈ ಊರಲ್ಲಿ ನಿಮಗೆ ಯಾರೂ ಗೊತ್ತಿಲ್ವಾ?"

ಒತೀಲಿಯಾ ಉದುರಿದ ಗೂಟಗಳನ್ನು ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ, "ಒಬ್ಬರಿದ್ದಾರೆ" ಎಂದಳು.

ನೋಲ್ಫಾಳ ಮನೆ ಊರಿನ ಅಂಚಿನಲ್ಲಿತ್ತು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬಾಗಿಲು ತೆರೆದ ಹೆಂಗಸಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ನೋಲ್ಫಾ ತಂಗಿಯನ್ನು ನೋಡಿದಳು, ಹಿಂದೆ ಪೆಟ್ಟಿಗೆ ಹೊತ್ತ ಮಕ್ಕಳನ್ನು ನೋಡಿದಳು. "ಎರಡು ದಿನದ ದಾರಿ ಅಂದಿದ್ದೆ. ಎಷ್ಟು ಹಿಡೀತು?"

"ಎರಡೇ ದಿನ."

"ಹ್ಞೂ." ಬಾಗಿಲ ಮೇಲಿನ ಕೈ ಹಾಗೇ ಇತ್ತು.

ಊರಿಗೆ ಬಾ ಎಂಬ ಮಾತು ಒತೀಲಿಯಾಳ ನಾಲಿಗೆಯ ತುದಿಯಲ್ಲಿತ್ತು. ಬೆನ್ನ ಹಿಂದೆ ಮಕ್ಕಳ ಉಸಿರು ಕೇಳುತ್ತಿತ್ತು. ಒಂದು ಸಲಕ್ಕೆ ಒಂದೇ ಬೇಡಿಕೆ. ಅವಳು ಉಣ್ಣೆ ಟೋಪಿ ತೆಗೆದಳು.

"ಅಕ್ಕಾ, ಬೇಡಿಕೊಳ್ಳೋಕೆ ಬಂದಿದ್ದೀನಿ. ಒಂದು ರಾತ್ರಿ ಮಟ್ಟಿಗೆ ನೀನು ಬಟ್ಟೆ ನೆನೆಸೋ ತೊಟ್ಟಿ ಬೇಕು."

ನೋಲ್ಫಾಗೆ ಅರ್ಥವಾಗಲಿಲ್ಲ. "ಏಳು ವರ್ಷ ಆದ್ಮೇಲೆ ಬಂದು ತೊಟ್ಟಿ ಕೇಳ್ತಿದ್ದೀಯಾ?"

"ಎತ್ತುಗಳು ಸಾಯ್ತಾ ಇದಾವೆ ದೊಡ್ಡಮ್ಮ," ಎಂದ ಉಲೀಸೆಸ್, ತಡೆಯಲಾರದೆ.

ಆ ಮಾತಿಗೋ, ದೊಡ್ಡಮ್ಮ ಎಂದದ್ದಕ್ಕೋ, ಬಾಗಿಲ ಮೇಲಿನ ಕೈ ಇಳಿಯಿತು.

ಹಿತ್ತಲಿನಲ್ಲಿ ತೊಟ್ಟಿ ಇತ್ತು. ನಾಳೆಯ ಒಗೆತಕ್ಕೆಂದು ಪೀಪಾಯಿಗಳಲ್ಲಿ ಹಿಡಿದಿಟ್ಟ ನೀರನ್ನು ನೋಲ್ಫಾ ಒಂದೊಂದಾಗಿ ಸುರಿದಳು. ಮಕ್ಕಳು ಮೋಟರು, ತಂತಿಗಳನ್ನೆಲ್ಲ ಬಿಚ್ಚಿ ಬದಿಗಿಟ್ಟು ಮರದ ಭಾಗಗಳನ್ನಷ್ಟೇ ಕೊಟ್ಟರು. ನೋಲ್ಫಾ ಒಂದು ಚಕ್ರವನ್ನು ಹೆಬ್ಬೆರಳಿನಿಂದ ಸವರಿ ಮೂಗಿಗೆ ಹಿಡಿದಳು.

"ಲೂಮಾ," ಎಂದಳು. ಆಮೇಲೆ ಅದನ್ನು ನೀರಿಗೆ ಬಿಡಲು ಅವಳಿಗೆ ತುಸು ಹೊತ್ತು ಬೇಕಾಯಿತು.

ಮರ ನೀರು ಕುಡಿಯತೊಡಗಿದಂತೆ ವಾಸನೆ ಎದ್ದಿತು. ವರ್ಷಕ್ಕೊಮ್ಮೆ ಹನಿ ಬಿದ್ದರೆ ಸುದ್ದಿಯಾಗುವ ಆ ಊರಿನ ಪುಟ್ಟ ಹಿತ್ತಲಿನಲ್ಲಿ ಲೆಮುಯ್‌ನ ಕಾಡಿನ ಒದ್ದೆ ವಾಸನೆ, ಅಪ್ಪನ ದೋಣಿ ಕೊಟ್ಟಿಗೆಯ ವಾಸನೆ ಹರಡಿತು. ಅಕ್ಕ ತಂಗಿ ತೊಟ್ಟಿಯ ಆಚೀಚೆ ನಿಂತಿದ್ದರು.

ಪೆಟ್ಟಿಗೆಯಲ್ಲಿದ್ದ ಮೊಣಕೈಯುದ್ದದ ಮನೆ ನೋಲ್ಫಾಳ ಕಣ್ಣಿಗೆ ಬಿತ್ತು. ಹಳದಿ ಕಿಟಕಿಯ ಮೇಲೆ ಒಂದು ಬೆರಳಿಟ್ಟಳು. "ಈಗ ಅದೂ ರಸ್ತೆ ಕಡೆ ನೋಡ್ತಾ ಕೂತಿರಬೇಕು. ಗುಡ್ಡದ ಮೇಲೆ ಹೋದ ಮನೆ ಎಲ್ಲಾ ಹಾಗೇ. ಸಮುದ್ರಕ್ಕೆ ಬೆನ್ನು. ನನ್ನ ಕಿಟಕಿಗೆ ಏನು ಕಾಣುತ್ತೆ, ಗುಡ್ಡದ ಮಣ್ಣು ತಾನೆ?"

ಒತೀಲಿಯಾ ಬಗ್ಗಿ ತೊಟ್ಟಿಯಲ್ಲಿದ್ದ ನೊಗವನ್ನು ಹೊರಳಿಸಿದಳು. ತೊಟ್ಟಿ ಬೇಡಲು ಬಂದವಳು ಮನೆಯ ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಅತ್ತುಬಿಡುವ ಹೆದರಿಕೆಯೂ ಇತ್ತು. ತಂತಿ ಸುತ್ತುತ್ತಿದ್ದ ಯಾನೀರಾ ತಲೆ ಎತ್ತಿ ಚಿಕ್ಕಮ್ಮನ ಮುಖವನ್ನೇ ನೋಡಿದಳು.

ಬೆಳಿಗ್ಗೆ ಹೋದಾಗ ನೋಲ್ಫಾ ಎಲ್ಲವನ್ನೂ ತನ್ನದೇ ಹಾಸಿಗೆಯ ಬಟ್ಟೆಯಲ್ಲಿ ಒದ್ದೆಯಾಗಿ ಸುತ್ತಿಟ್ಟಿದ್ದಳು. ಗೂಟ ಹೊಡೆದರೆ ಟಕ್ ಎಂದು ಕೂತವು.

"ನೋಡೋಕೆ ಬರಲ್ವಾ ದೊಡ್ಡಮ್ಮ?"

"ನಿಮ್ಮ ಎತ್ತು ನೀರು ಕುಡಿದು ನಂದು ಒಂದು ದಿನದ ಒಗೆತ ಹಿಂದೆ ಬಿದ್ದಿದೆ. ಹೋಗಿ, ಒಣಗೋದ್ರೊಳಗೆ ಓಡಿಸಿ."

ಕ್ರೀಡಾಂಗಣದಲ್ಲಿ ಸರದಿ ಬೇಗ ಬರಲಿಲ್ಲ. ಒದ್ದೆ ಬಟ್ಟೆ ಅರೆಬರೆ ಒಣಗಿತು. ಯಾನೀರಾ ಚಕ್ರಗಳನ್ನು ಅಲುಗಾಡಿಸಿ ನೋಡಿದಳು. "ಚಿಕ್ಕಮ್ಮ, ಎಳೆಯೋಕೆ ಸಾಕಾಗುತ್ತೆ. ಕೊನೇ ತಿರುವು ತಡೆಯುತ್ತೋ ಇಲ್ವೋ. ಚೌಕದಿಂದ ಚಕ್ರ ಹೊರಗೆ ಹೋದ್ರೆ ಅಂಕ ಕಳೀತಾರೆ."

ಒತೀಲಿಯಾ ಇಬ್ಬರ ಮುಖವನ್ನೂ ನೋಡಿದಳು. ಉಲೀಸೆಸ್‌ನ ಮೂಗಿನಲ್ಲಿ ಇನ್ನೂ ಹತ್ತಿ ಇತ್ತು. ತನ್ನೊಳಗಿನ ಹಂಬಲಕ್ಕೆ ಈ ಮಕ್ಕಳ ಗೆಲುವನ್ನು ಒತ್ತೆ ಇಡುವುದು ಸರಿಯಲ್ಲ ಎನಿಸಿತು.

"ತಿರುವು ತೆಗೆದುಬಿಡು," ಎಂದಳು.

"ಆಯ್ತು ಚಿಕ್ಕಮ್ಮ," ಎಂದು ಯಾನೀರಾ ಯಂತ್ರದ ಮೇಲೆ ಬಾಗಿದಳು.

ಅವರ ತಂಡದ ಹೆಸರು ಕೂಗಿದರು. ಉಲೀಸೆಸ್ ನೊಗ ಹೂಡಿದ. ಆಗ ಒತೀಲಿಯಾಗೆ ಹಿಂದಿನ ಸಾಲಿನಲ್ಲಿ ಬೆಳ್ಳನೆಯ ತಲೆ ಕಂಡಿತು. ನೋಲ್ಫಾ ಕೆಲಸದ ನೀಲಿ ಅಂಗಿಯಲ್ಲೇ ಬಂದು, ಕೂರದೆ ನಿಂತಿದ್ದಳು.

ಎತ್ತುಗಳು ಹೊರಟವು. ಹಗ್ಗ ಬಿಗಿಯಿತು. ದಿಮ್ಮಿಗಳ ಮೇಲಿನ ಮನೆ ಒಮ್ಮೆ ನಡುಗಿ ಮುಂದೆ ಸರಿಯಿತು. ಇಳಿಜಾರಿನ ನಡುವೆ ಲುಸೇರೊ ಹಿಂದೆ ಬಿದ್ದ, ನೊಗ ಓರೆಯಾಯಿತು, ಕ್ಲಾವೆಲ್ ನಿಂತು ಕಾದ. ಜನ ನಕ್ಕರು. ಕೈ ಹಾಕುವಂತಿಲ್ಲ, ಕೂಗುವುದಕ್ಕೆ ತಡೆಯಿರಲಿಲ್ಲ. "ಹೋ ಲುಸೇರೊ, ಹೋಯ್!" ಎಂದು ಉಲೀಸೆಸ್ ಊರಿನಲ್ಲಿ ಕೂಗುವ ಹಾಗೇ ಕೂಗಿದ. ಹಿಂದಿನ ಸಾಲಿನಿಂದ ಇನ್ನೊಂದು ದನಿ, ಒಡಕಲು ದನಿ, ಅದೇ ರಾಗದಲ್ಲಿ "ಹೋಯ್!" ಎಂದಿತು. ಒತೀಲಿಯಾ ತಿರುಗಿ ನೋಡಲಿಲ್ಲ. ನೋಡಲು ಆಗಲಿಲ್ಲ.

ಮನೆ ಚೌಕಕ್ಕೆ ಬಂದು ನಿಂತಿತು. ಬಾಗಿಲು ಜನರ ಕಡೆ, ಕಿಟಕಿ ಗೋಡೆಯ ಕಡೆ. ಚಪ್ಪಾಳೆ ಶುರುವಾಯಿತು. ತೀರ್ಪುಗಾರ ಗಡಿಯಾರಕ್ಕೆ ಕೈ ಹಾಕಿದ.

ಆಗ ಎತ್ತುಗಳು ಮತ್ತೆ ಹೆಜ್ಜೆ ಎತ್ತಿದವು. ಕ್ಲಾವೆಲ್ ನಿಂತಲ್ಲೇ ನಿಂತ, ಲುಸೇರೊ ಸುತ್ತು ಬಂದ. ಮನೆ ನಿಧಾನವಾಗಿ, ಕಿರ್ರ್ ಎನ್ನುತ್ತ ತಿರುಗಿತು. ಸಡಿಲವಾಗಿದ್ದ ಒಂದು ಚಕ್ರ ಗೆರೆ ದಾಟಿ ಹೊರಗೆ ಹೋಯಿತು. ಆದರೂ ಮನೆ ತಿರುಗುತ್ತಲೇ ಇತ್ತು. ಹಳದಿ ಕಿಟಕಿ ನೀಲಿ ಬಟ್ಟೆಯ ಸಮುದ್ರಕ್ಕೆ ಎದುರಾಗಿ ನಿಂತಿತು.

"ತಿರುವು ತೆಗೀಲಿಲ್ವೇನೇ?" ಎಂದು ಉಲೀಸೆಸ್ ಪಿಸುಗುಟ್ಟಿದ.

"ಮರೆತುಹೋಯ್ತು," ಎಂದಳು ಯಾನೀರಾ, ಚಿಕ್ಕಮ್ಮನ ಕಡೆ ನೋಡದೆ.

ಒತೀಲಿಯಾ ಹಿಂದಿರುಗಿ ನೋಡುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ.

ಬಹುಮಾನ ಸಿಗಲಿಲ್ಲ. ಚಕ್ರ ಗೆರೆ ದಾಟಿದ್ದಕ್ಕೆ ಅಂಕ ಕಳೆಯದಿದ್ದರೆ ಮೂರನೆಯ ಸ್ಥಾನವಾದರೂ ಬರುತ್ತಿತ್ತು. ಉಲೀಸೆಸ್ ಮಧ್ಯಾಹ್ನದವರೆಗೆ ಯಾನೀರಾ ಜೊತೆ ಮಾತು ಬಿಟ್ಟ. ಆಮೇಲೆ ಅವಳು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು, "ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ? ನಾನು ಆ ಚಕ್ರನ ಇನ್ನೊಂದು ಸಲ ನೆನೆಸ್ತಿದ್ದೆ," ಎಂದ.

ಬಸ್ಸು ಹೊರಡುವ ಮುಂಚೆ ಒತೀಲಿಯಾ ಒಣಗಿದ ಹಾಸಿಗೆ ಬಟ್ಟೆಯನ್ನು ಮಡಿಸಿ, ಕಪ್ಪೆಚಿಪ್ಪಿನ ಹಾರವನ್ನು ಅದರ ಮೇಲಿಟ್ಟುಕೊಂಡು ಒಬ್ಬಳೇ ಅಕ್ಕನ ಮನೆಗೆ ನಡೆದಳು. ಬಾಗಿಲು ಮೊದಲೇ ತೆರೆದಿತ್ತು. ನೋಲ್ಫಾ ಹೊಸ್ತಿಲ ಮೇಲೆ ಕುಳಿತಿದ್ದಳು. ಎದುರಿಗೆ ಬೂದಿ ಬಣ್ಣದ ಬಯಲು ಕಣ್ಣು ಹರಿಯುವವರೆಗೆ ಹಬ್ಬಿತ್ತು.

"ಯಾರು ಹೇಳಿದ್ದು ಹಾಗೆ ತಿರುಗಿಸೋಕೆ?" ಎಂದಳು, ನೋಡದೆ.

"ನಾನು."

"ಅರ್ಸೇನಿಯೊ ಬೈದಿರಬೇಕು."

"ಅರ್ಸೇನಿಯೊನೂ ಬೈದ, ಎತ್ತುಗಳೂ ಬೈದವು. ಅಂಚೆಯವನು ಈಗಲೂ ಬೈತಾನೆ."

ನೋಲ್ಫಾಳ ತುಟಿ ಅಲುಗಿತು. ನಗುವಿಗೋ, ಬೇರೆ ಯಾವುದಕ್ಕೋ. ಹಾರವನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಪೋಣಿಸಿದ್ದನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟುತ್ತ ಹೋದಳು.

ಒತೀಲಿಯಾ ಟೋಪಿ ತೆಗೆದಳು. "ಅಕ್ಕಾ, ಬೇಡಿಕೊಳ್ಳೋಕೆ ಬಂದಿದ್ದೀನಿ. ಅವತ್ತೇ ಬರಬೇಕಿತ್ತು. ಫೆಬ್ರವರಿಗೆ ಊರಿಗೆ ಬಾ. ಕಿಟಕಿ ಹಾಗೇ ಇದೆ. ಯಾರೂ ಕೂರ್ತಿಲ್ಲ ಅಲ್ಲಿ."

ದೂರದಲ್ಲಿ ಗಣಿಯ ಲಾರಿಯೊಂದು ಧೂಳೆಬ್ಬಿಸುತ್ತ ಹೋಯಿತು. ಆ ಧೂಳು ಪೂರ್ತಿ ಅಡಗುವವರೆಗೂ ನೋಲ್ಫಾ ಅದನ್ನೇ ನೋಡುತ್ತಿದ್ದಳು. ಒತೀಲಿಯಾ ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

"ಫೆಬ್ರವರೀಲಿ," ಎಂದಳು ನೋಲ್ಫಾ ಕಡೆಗೆ, "ನೀರು ಎಷ್ಟು ಹೊತ್ತಿಗೆ ಇಳಿಯುತ್ತೆ?"

ಊರಿನಲ್ಲಿದ್ದರೆ ಒತೀಲಿಯಾ ಯಾವ ದಿನದ ಇಳಿತವನ್ನಾದರೂ ನಿದ್ದೆಗಣ್ಣಲ್ಲಿ ಹೇಳುವವಳು. ಆ ಒಣ ಬಯಲಿನಲ್ಲಿ, ಉಪ್ಪುಗಾಳಿಯ ಸುಳಿವಿಲ್ಲದ ಕಡೆ, ಅವಳಿಗೆ ಒಂದೂ ಹೊಳೆಯಲಿಲ್ಲ.

"ಹೋಗಿ ನೋಡಿ ಹೇಳ್ತೀನಿ ಅಕ್ಕಾ."

"ಹ್ಞೂ. ಈ ಸಲ ಫೋನಲ್ಲಿ ಹೇಳಿದ್ರೂ ಆಗುತ್ತೆ."